ಸರಾಸರಿ ಮುಕ್ತ ಪಥದ ಸೂತ್ರದಲ್ಲಿ √2 ಎಲ್ಲಿಂದ ಬರುತ್ತದೆ?

ಪ್ರಶ್ನೆ: ಬಿಎಸ್ಸಿ_ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಆದರ್ಶ ಅನಿಲದ ಅಣುಗಳ ಸರಾಸರಿ ಮುಕ್ತ ಪಥವನ್ನು, ಅಂದರೆ ಎರಡು ಡಿಕ್ಕಿಗಳ ನಡುವೆ ಅಣು ಸರಾಸರಿಯಾಗಿ ಸಾಗುವ ದೂರವನ್ನು, ನಮ್ಮ ಪಠ್ಯದಲ್ಲಿ ಎರಡು ಹಂತಗಳಲ್ಲಿ ಸಾಧಿಸಿದ್ದಾರೆ. ಮೊದಲು ಒಂದು ಅಣುವನ್ನು ಬಿಟ್ಟು ಉಳಿದವೆಲ್ಲ ನಿಂತಲ್ಲೇ ನಿಂತಿವೆ ಎಂದು ಭಾವಿಸಿ, ಚಲಿಸುವ ಅಣುವಿನ ದಾರಿಯ ಸುತ್ತ ಡಿ ತ್ರಿಜ್ಯದ ಸಿಲಿಂಡರನ್ನು ಕಲ್ಪಿಸಿಕೊಂಡು, ಮುಕ್ತ ಪಥ = 1 ÷ (ಪೈ × ಡಿ² × ಎನ್) ಎಂಬ ಫಲಿತಾಂಶಕ್ಕೆ ಬರುತ್ತಾರೆ; ಇಲ್ಲಿ ಡಿ ಎಂಬುದು ಅಣುವಿನ ವ್ಯಾಸ, ಎನ್ ಎಂಬುದು ಒಂದು ಘನ ಮೀಟರಿನಲ್ಲಿರುವ ಅಣುಗಳ ಸಂಖ್ಯೆ. ಬಳಿಕ ‘ಉಳಿದ ಅಣುಗಳೂ ಚಲಿಸುತ್ತಿರುವುದರಿಂದ’ ಎಂದು ಒಂದೇ ಸಾಲು ಬರೆದು, ಛೇದದಲ್ಲಿ √2 ಸೇರಿಸಿ ಮುಗಿಸಿದ್ದಾರೆ.

ಅಣುಗಳು ಸರಾಸರಿಯಾಗಿ 90 ಡಿಗ್ರಿ ಕೋನದಲ್ಲಿ ಡಿಕ್ಕಿ ಹೊಡೆಯುತ್ತವೆ, ಆದ್ದರಿಂದ ಪೈಥಾಗೊರಸ್ ಪ್ರಮೇಯದಂತೆ √2 ಬರುತ್ತದೆ ಎಂಬ ವಿವರಣೆಯನ್ನು ಕೇಳಿದ್ದೇನೆ. ಆದರೆ ಕೋನದ ಸರಾಸರಿ 90 ಡಿಗ್ರಿ ಎಂದ ಮಾತ್ರಕ್ಕೆ ಸಾಪೇಕ್ಷ ವೇಗದ ಸರಾಸರಿಯೂ 90 ಡಿಗ್ರಿಯಲ್ಲಿರುವಷ್ಟೇ ಆಗಬೇಕೆಂದು ಹೇಗೆ ಹೇಳುವುದು? ಅಣುವಿನ ತ್ರಿಜ್ಯ ಡಿ/2 ಆಗಿರುವಾಗ ಸಿಲಿಂಡರಿನ ತ್ರಿಜ್ಯ ಡಿ ಏಕೆ? ಕೊನೆಯದಾಗಿ, ಆದರ್ಶ ಅನಿಲದ ಅಣುಗಳು ಬಿಂದುಗಳೆಂದು ಹೇಳಿಕೊಟ್ಟ ಮೇಲೆ ಅವು ಡಿಕ್ಕಿ ಹೊಡೆಯುವುದಾದರೂ ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಭೌತಶಾಸ್ತ್ರ_ಉಪನ್ಯಾಸಕ

ಸುಲಭವಾದ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಎರಡು ಗೋಳಗಳು ಒಂದನ್ನೊಂದು ಮುಟ್ಟುವಾಗ ಅವುಗಳ ಕೇಂದ್ರಗಳ ನಡುವಿನ ಅಂತರ ಎರಡು ತ್ರಿಜ್ಯಗಳ ಮೊತ್ತಕ್ಕೆ, ಅಂದರೆ ಒಂದು ವ್ಯಾಸಕ್ಕೆ ಸಮ. ಆದ್ದರಿಂದ ಚಲಿಸುವ ಅಣುವಿನ ಕೇಂದ್ರದ ದಾರಿಯಿಂದ ಡಿ ಅಂತರದೊಳಗೆ ಯಾವ ಅಣುವಿನ ಕೇಂದ್ರವಿದ್ದರೂ ಡಿಕ್ಕಿ ತಪ್ಪುವುದಿಲ್ಲ. ಇನ್ನು ಅಣು ಬಿಂದುವೆಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಮುಕ್ತ ಪಥ ಅನಂತವಾಗುತ್ತದೆ ಎಂದು ನೀವು ಶಂಕಿಸಿರುವುದು ಸರಿಯಾಗಿಯೇ ಇದೆ. ಆದರೆ ಅನಿಲವು ಆದರ್ಶ ಸಮೀಕರಣವನ್ನು ಪಾಲಿಸಲು ಅಣುಗಳು ಬಿಂದುಗಳೇ ಆಗಿರಬೇಕಿಲ್ಲ, ಎನ್ × ಡಿ³ ಎಂಬ ಸಂಖ್ಯೆ 1ಕ್ಕಿಂತ ಬಹಳ ಚಿಕ್ಕದಾಗಿದ್ದರೆ ಸಾಕು. 300 ಕೆಲ್ವಿನ್ ಮತ್ತು ಒಂದು ವಾತಾವರಣದ ಒತ್ತಡದಲ್ಲಿರುವ ನೈಟ್ರೊಜನ್‌ನಲ್ಲಿ ಎನ್ ಸುಮಾರು 2.45 × 10²⁵, ಡಿ ಸುಮಾರು 0.37 ನ್ಯಾನೊಮೀಟರ್, ಗುಣಿಸಿದರೆ ಸಾವಿರದಲ್ಲಿ ಒಂದು ಭಾಗದಷ್ಟು ಬರುತ್ತದೆ.

ಈಗ √2ರ ವಿಷಯಕ್ಕೆ ಬರೋಣ. ಒಂದು ಅಣು ಒಂದು ಸೆಕೆಂಡಿನಲ್ಲಿ ಕ್ರಮಿಸುವ ದೂರವನ್ನು, ಆ ಸೆಕೆಂಡಿನಲ್ಲಿ ಅದಕ್ಕಾಗುವ ಡಿಕ್ಕಿಗಳ ಸಂಖ್ಯೆಯಿಂದ ಭಾಗಿಸಿದರೆ ಮುಕ್ತ ಪಥ ಸಿಗುತ್ತದೆ. ದೂರವನ್ನು ನಿರ್ಧರಿಸುವುದು ಪ್ರಯೋಗಾಲಯದಿಂದ ನೋಡಿದ ಸರಾಸರಿ ವೇಗ. ಡಿಕ್ಕಿಗಳ ಸಂಖ್ಯೆಯನ್ನು ನಿರ್ಧರಿಸುವುದಾದರೋ ಎದುರಿನ ಅಣುವಿನ ಮೇಲೆ ಕುಳಿತು ನೋಡಿದಾಗ ಕಾಣುವ ಸಾಪೇಕ್ಷ ವೇಗದ ಸರಾಸರಿ. ಹೀಗಾಗಿ ಮೊದಲ ಹಂತದ ಉತ್ತರವನ್ನು ಈ ಎರಡು ಸರಾಸರಿಗಳ ಅನುಪಾತದಿಂದ ಗುಣಿಸಬೇಕು, ಅಷ್ಟೇ.

90 ಡಿಗ್ರಿಯ ವಾದದಿಂದ ಸರಿಯಾದ ಉತ್ತರ ಬರುತ್ತದೆ, ಆದರೆ ಅದು ಸಾಧನೆಯಲ್ಲ. ಆ ವಾದ ನಿಜವಾಗಿ ತೋರಿಸಿಕೊಡುವುದು ಸಾಪೇಕ್ಷ ವೇಗದ ವರ್ಗದ ಸರಾಸರಿಯನ್ನು ಮಾತ್ರ: ಎರಡು ಅಣುಗಳ ದಿಕ್ಕುಗಳಿಗೆ ಪರಸ್ಪರ ಸಂಬಂಧವಿಲ್ಲದ ಕಾರಣ ಅಡ್ಡಪದ ಸೊನ್ನೆಯಾಗಿ, ವರ್ಗಗಳ ಸರಾಸರಿ ಇಮ್ಮಡಿಯಾಗುತ್ತದೆ. ನಮಗೆ ಬೇಕಿರುವುದು ವೇಗದ ಸರಾಸರಿ. ಇವೆರಡೂ ಬೇರೆಬೇರೆ ಎಂಬುದನ್ನು ಒಂದು ಲೆಕ್ಕದಿಂದಲೇ ಕಾಣಬಹುದು. ಎಲ್ಲ ಅಣುಗಳ ವೇಗವೂ ಒಂದೇ, ದಿಕ್ಕು ಮಾತ್ರ ಬೇರೆ ಎಂದಿಟ್ಟುಕೊಳ್ಳಿ. ಕೋನ ಥೀಟಾ ಆಗಿದ್ದರೆ ಸಾಪೇಕ್ಷ ವೇಗ 2 × ವೇಗ × ಸೈನ್(ಥೀಟಾ/2). ದಿಕ್ಕುಗಳು ಗೋಳದ ಮೇಲೆ ಸಮನಾಗಿ ಹರಡಿರುವುದರಿಂದ ಇದನ್ನು ½ ಸೈನ್(ಥೀಟಾ)ದಿಂದ ಗುಣಿಸಿ, 0ಯಿಂದ 180 ಡಿಗ್ರಿಯವರೆಗೆ ಅನುಕಲಿಸಬೇಕು. ಸೈನ್(ಥೀಟಾ/2) ಅನ್ನು ಹೊಸ ಚರವೆಂದು ತೆಗೆದುಕೊಂಡರೆ ಲೆಕ್ಕ ಎರಡೇ ಸಾಲಿನಲ್ಲಿ ಮುಗಿಯುತ್ತದೆ. ಉತ್ತರ ವೇಗದ 4/3ರಷ್ಟು, ಅಂದರೆ 1.333. ಇಲ್ಲಿಯೂ ವರ್ಗದ ಸರಾಸರಿ ಇಮ್ಮಡಿಯೇ, 90 ಡಿಗ್ರಿಯ ವಾದವೂ ಇದ್ದಂತೆಯೇ ಇದೆ, ಆದರೂ √2 ಬರಲಿಲ್ಲ.

ಹಾಗಾದರೆ √2 ತಂದುಕೊಡುವುದು ಮ್ಯಾಕ್ಸ್‌ವೆಲ್ ವಿತರಣೆ, ಅಂದರೆ ಅನಿಲದಲ್ಲಿ ಎಷ್ಟು ಅಣುಗಳಿಗೆ ಎಷ್ಟು ವೇಗವಿರುತ್ತದೆ ಎಂದು ತಿಳಿಸುವ ನಿಯಮ. ಅದರಲ್ಲಿ ವೇಗದ ಪ್ರತಿಯೊಂದು ಘಟಕವೂ ಸೊನ್ನೆ ಸರಾಸರಿಯ ಗಾಸಿಯನ್ (ಗಂಟೆಯಾಕಾರದ) ವಿತರಣೆಯಲ್ಲಿರುತ್ತದೆ. ಪರಸ್ಪರ ಸ್ವತಂತ್ರವಾದ ಅಂತಹ ಎರಡು ಘಟಕಗಳ ವ್ಯತ್ಯಾಸವೂ ಗಾಸಿಯನ್ನೇ. ಅದರ ವೇರಿಯನ್ಸ್ (ಹರಡುವಿಕೆಯ ವರ್ಗದ ಅಳತೆ) ಮಾತ್ರ ಇಮ್ಮಡಿ. ಆದ್ದರಿಂದ ಸಾಪೇಕ್ಷ ವೇಗದ ವಿತರಣೆ ಅದೇ ಆಕಾರದಲ್ಲಿದ್ದು, ಎಲ್ಲ ವೇಗಗಳೂ √2 ಪಟ್ಟು ಹಿಗ್ಗಿದಂತಿರುತ್ತದೆ. ಇಡೀ ವಿತರಣೆಯೇ ಒಂದೇ ಪ್ರಮಾಣದಲ್ಲಿ ಹಿಗ್ಗಿದ ಮೇಲೆ ಸರಾಸರಿಯೂ ಅಷ್ಟೇ ಹಿಗ್ಗಲೇಬೇಕು. ಹೀಗೆ ಮುಕ್ತ ಪಥ = 1 ÷ (√2 × ಪೈ × ಡಿ² × ಎನ್). ಮೇಲಿನ ನೈಟ್ರೊಜನ್ ಅಂಕಿಗಳನ್ನು ಹಾಕಿದರೆ ಸುಮಾರು 67 ನ್ಯಾನೊಮೀಟರ್ ಸಿಗುತ್ತದೆ, ಎಂದರೆ ಅಣುವಿನ ವ್ಯಾಸದ ಸುಮಾರು 180 ಪಟ್ಟು. ಪ್ರತಿ ಡಿಕ್ಕಿಯಲ್ಲೂ ಸಿಲಿಂಡರ್ ಮುರಿದು ಬೇರೆ ದಿಕ್ಕಿಗೆ ತಿರುಗಿದರೂ ಆ ಮೂಲೆಗಳ ಗಾತ್ರವನ್ನು ನಾವು ಕಡೆಗಣಿಸಬಹುದಾದದ್ದು ಇದರಿಂದಲೇ.

ಉತ್ತರ: ವಿಜ್ಞಾನ_ಇತಿಹಾಸ

ಮೇಲಿನವರು ತೋರಿಸಿದ 4/3 ಕೇವಲ ಉದಾಹರಣೆಗಾಗಿ ಕಟ್ಟಿದ ಸಂಖ್ಯೆಯಲ್ಲ, ಇದು ಜರ್ಮನ್ ಭೌತವಿಜ್ಞಾನಿ ಕ್ಲೌಸಿಯಸ್ ಬಳಸಿದ್ದ ಸಂಖ್ಯೆಯೇ. ಅನಿಲದ ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಓಡುತ್ತವೆ ಎಂದು ಅವರು 1857ರಲ್ಲಿ ಲೆಕ್ಕ ಹಾಕಿದಾಗ, ಹಾಗಿದ್ದರೆ ಅನಿಲಗಳು ಒಂದರೊಳಗೊಂದು ಬೆರೆಯಲು ಇಷ್ಟು ಹೊತ್ತು ಏಕೆ ಬೇಕು ಎಂದು ಡಚ್ ವಿಜ್ಞಾನಿ ಬಾಯ್ಸ್ ಬಾಲಟ್ ಆಕ್ಷೇಪಿಸಿದರು. ಆ ಆಕ್ಷೇಪಕ್ಕೆ ಉತ್ತರವಾಗಿ 1858ರಲ್ಲಿ ಹುಟ್ಟಿದ್ದೇ ಮುಕ್ತ ಪಥದ ಪರಿಕಲ್ಪನೆ. ಮ್ಯಾಕ್ಸ್‌ವೆಲ್ 1860ರ ಪ್ರಬಂಧದಲ್ಲಿ ವೇಗಗಳ ವಿತರಣೆಯನ್ನೇ ಸಾಧಿಸಿ, 4/3ರ ಜಾಗಕ್ಕೆ √2 ತಂದರು. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಶೇಕಡಾ 6ರಷ್ಟು ಮಾತ್ರ. ಆ ಕಾಲಕ್ಕೆ ಅಣುವಿನ ವ್ಯಾಸವೇ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ, ನನ್ನ ಅಭಿಪ್ರಾಯದಲ್ಲಿ ಆ ಪ್ರಬಂಧದ ದೊಡ್ಡ ಫಲ √2 ಅಲ್ಲ, ಅನಿಲದ ಸ್ನಿಗ್ಧತೆ (ಹರಿಯುವಾಗ ತೋರುವ ಒಳಘರ್ಷಣೆ) ಅದರ ಸಾಂದ್ರತೆಯನ್ನು ಅವಲಂಬಿಸುವುದಿಲ್ಲ ಎಂಬ ಅನಿರೀಕ್ಷಿತ ತೀರ್ಮಾನ.

ಮರುಪ್ರಶ್ನೆ: ಬಿಎಸ್ಸಿ_ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿದಿದೆ. ಯಾವುದೋ ಒಂದು ಕ್ಷಣದಲ್ಲಿ ಒಂದು ಅಣುವನ್ನು ಗಮನಿಸಿದರೆ, ಅದು ಎರಡು ಡಿಕ್ಕಿಗಳ ನಡುವೆ ಎಲ್ಲೋ ಇರುತ್ತದೆ. ಆದ್ದರಿಂದ ಮುಂದಿನ ಡಿಕ್ಕಿಗೆ ಸರಾಸರಿ ಅರ್ಧ ಮುಕ್ತ ಪಥವಷ್ಟೇ ಉಳಿದಿರಬೇಕಲ್ಲವೇ?

ಉತ್ತರ: ಭೌತಶಾಸ್ತ್ರ_ಉಪನ್ಯಾಸಕ

ಅಲ್ಲ, ಇಡೀ ಮುಕ್ತ ಪಥವೇ ಉಳಿದಿರುತ್ತದೆ. ದಾಳ ಉರುಳಿಸುವಾಗ ಆರು ಬೀಳಲು ಸರಾಸರಿ ಆರು ಬಾರಿ ಉರುಳಿಸಬೇಕು. ಈಗಾಗಲೇ ಹತ್ತು ಬಾರಿ ಉರುಳಿಸಿದ್ದೀರೆಂದು ದಾಳ ಆ ಲೆಕ್ಕವನ್ನು ಕಡಿಮೆ ಮಾಡುವುದಿಲ್ಲ. ನಿಶ್ಚಿತ ವೇಗದ ಅಣುವಿಗೂ ಹಾಗೆಯೇ: ಪ್ರತಿಯೊಂದು ಚಿಕ್ಕ ದೂರದಲ್ಲೂ ಡಿಕ್ಕಿಯ ಸಂಭವ ಒಂದೇ ಆಗಿರುವುದರಿಂದ ಪಥಗಳ ಉದ್ದ ಘಾತೀಯ ವಿತರಣೆಯಲ್ಲಿರುತ್ತದೆ, ಆ ವೇಗದ ಮುಕ್ತ ಪಥಕ್ಕಿಂತ ಹೆಚ್ಚು ದೂರ ಹೋಗುವ ಪಥಗಳು ಶೇಕಡಾ 37ರಷ್ಟು. ಹಿಂದಿನ ಡಿಕ್ಕಿಯಿಂದ ಸಾಗಿ ಬಂದ ದೂರವೂ ಸರಾಸರಿಯಲ್ಲಿ ಅಷ್ಟೇ. ಎರಡನ್ನೂ ಕೂಡಿದರೆ ಎರಡರಷ್ಟು ಬರುತ್ತದಲ್ಲ ಎಂದು ನೀವು ಕೇಳಬಹುದು. ನಿಜವೇ, ಏಕೆಂದರೆ ಎಲ್ಲೆಂದರಲ್ಲಿ ಕೈ ಹಾಕಿ ಒಂದು ಕ್ಷಣವನ್ನು ಆರಿಸಿದಾಗ ಉದ್ದನೆಯ ಪಥಗಳು ಸಿಕ್ಕುವ ಸಂಭವ ಹೆಚ್ಚು.

ಉತ್ತರ: ನಿರ್ವಾತ_ಪ್ರಯೋಗಾಲಯ

ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವ ಒಂದು ಅಂಶವನ್ನು ಸೇರಿಸುತ್ತೇನೆ. ಸೂತ್ರವನ್ನು ಒತ್ತಡದ ರೂಪದಲ್ಲಿ ಬರೆದರೆ ಭಿನ್ನರಾಶಿಯ ಅಂಶದಲ್ಲಿ (ಮೇಲಿನ ಭಾಗದಲ್ಲಿ) ಉಷ್ಣತೆ ಕಾಣಿಸಿಕೊಳ್ಳುವುದರಿಂದ, ಕಾಯಿಸಿದರೆ ಮುಕ್ತ ಪಥ ಹೆಚ್ಚುತ್ತದೆ ಎಂದು ಬರೆದುಬಿಡುತ್ತಾರೆ. ಒತ್ತಡ ಸ್ಥಿರವಾಗಿದ್ದರೆ ಮಾತ್ರ ಅದು ನಿಜ. ಮುಚ್ಚಿದ ಪಾತ್ರೆಯಲ್ಲಿ ಎನ್ ಬದಲಾಗುವುದಿಲ್ಲ. ಅಣು ವೇಗವಾಗಿ ಓಡಿದಷ್ಟೂ ಡಿಕ್ಕಿಗಳು ಬೇಗಬೇಗ ಆಗುತ್ತವೆಯೇ ಹೊರತು ಅವುಗಳ ನಡುವಿನ ದೂರ ಹಾಗೆಯೇ ಇರುತ್ತದೆ. ಒಂದು ತಿದ್ದುಪಡಿಯನ್ನು ಮಾತ್ರ ಹೇಳಬೇಕು. ನಿಜವಾದ ಅಣುಗಳು ಗಟ್ಟಿ ಗೋಳಗಳಲ್ಲ, ಅವುಗಳ ನಡುವೆ ಆಕರ್ಷಣೆಯಿದೆ. ನಿಧಾನವಾಗಿ ಹೋಗುವ ಅಣುವನ್ನು ಆ ಆಕರ್ಷಣೆ ಹೆಚ್ಚು ಬಾಗಿಸುತ್ತದೆ. ಉಷ್ಣತೆ ಏರಿದಂತೆ ಪರಿಣಾಮಕಾರಿ ವ್ಯಾಸ ತುಸು ಕುಗ್ಗಿ, ಮುಚ್ಚಿದ ಪಾತ್ರೆಯಲ್ಲಿಯೂ ಮುಕ್ತ ಪಥ ಸ್ವಲ್ಪ ಹೆಚ್ಚುತ್ತದೆ. ಸದರ್ಲೆಂಡ್ 1893ರಲ್ಲಿ ಕೊಟ್ಟ ತಿದ್ದುಪಡಿ ಇದನ್ನೇ ಲೆಕ್ಕಕ್ಕೆ ತರುತ್ತದೆ.

ಒತ್ತಡವನ್ನು 0.1 ಪಾಸ್ಕಲ್‌ಗೆ ಇಳಿಸಿದರೆ ಆ 67 ನ್ಯಾನೊಮೀಟರ್ ಸುಮಾರು 6.8 ಸೆಂಟಿಮೀಟರ್ ಆಗುತ್ತದೆ; 0.001 ಪಾಸ್ಕಲ್‌ಗೆ ಇಳಿಸಿದರೆ 6.8 ಮೀಟರ್. ಅರ್ಧ ಮೀಟರಿನ ಪಾತ್ರೆಯಲ್ಲಿ ಅಣು ಇನ್ನೊಂದು ಅಣುವನ್ನು ಕಾಣುವ ಮೊದಲೇ ಹೆಚ್ಚು ಕಡಿಮೆ ಯಾವಾಗಲೂ ಗೋಡೆಗೆ ಬಡಿದಿರುತ್ತದೆ. ಅಲ್ಲಿ ಈ ಸೂತ್ರದಿಂದ ಬರುವ ಸಂಖ್ಯೆಯನ್ನು ಪಾತ್ರೆಯ ಅಳತೆಯೊಂದಿಗೆ ಹೋಲಿಸಿ ನೋಡಲು ಬಳಸುತ್ತೇವೆಯೇ ಹೊರತು, ಅಣು ನಿಜವಾಗಿ ಅಷ್ಟು ದೂರ ಸಾಗುತ್ತದೆಂದು ಅರ್ಥವಲ್ಲ.