ಕೆಜಿಎಫ್ ಗುಜರಿಯಲ್ಲಿ ಸಿಕ್ಕ ತಂಬಾಕು ಡಬ್ಬಿಗಳು: ಎಲ್ಲಿಯವು, ಯಾವ ಕಾಲದವು?

ರಾಬರ್ಟ್‌ಸನ್‌ಪೇಟೆ ಡಬ್ಬಿ:
ಇಲ್ಲಿನ ಗುಜರಿ ಅಂಗಡಿಯಲ್ಲಿ ಎರಡು ತಗಡಿನ ಡಬ್ಬಿ ಸಿಕ್ಕಿವೆ. ಒಂದು ಗುಂಡಗಿದೆ, 50 ಸಿಗರೇಟಿನ ವಿಲ್ಸ್ ಗೋಲ್ಡ್ ಫ್ಲೇಕ್. 'ಬ್ರಿಸ್ಟಲ್ ಅಂಡ್ ಲಂಡನ್' ಅಂತಿದೆ. ಇನ್ನೊಂದು ಚಪ್ಪಟೆ, ಪ್ಲೇಯರ್ಸ್ ನೇವಿ ಕಟ್. ಗಣಿ ದೊರೆಗಳು ಇಂಗ್ಲೆಂಡಿನಿಂದ ತರಿಸಿದ್ದು ಅಂತಾರೆ ಅಂಗಡಿಯವರು. ಖಚಿತ ಮಾಡಿಕೊಳ್ಳೋದು ಹೇಗೆ? ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ತಗಡು ಬಣ್ಣ:
ಹುಣಸೆಹಣ್ಣು ಮುಟ್ಟಿಸಲೇಬೇಡಿ ಸರ್. ಹಿತ್ತಾಳೆ ಚೊಂಬಿಗೆ ಅದು ಸರಿ. ಇಲ್ಲಿ ಹುಳಿ ಬಣ್ಣದ ಬಿರುಕಿನಲ್ಲಿ ಇಳಿದು ತವರದ ಲೇಪ ತಿನ್ನುತ್ತೆ, ಕೆಳಗಿನ ಕಬ್ಬಿಣ ತುಕ್ಕು ಹಿಡಿಯುತ್ತೆ. ಒಂದು ಲೋಟ ನೀರಿಗೆ ಒಂದು ಹನಿ ಶಾಂಪೂ, ಅದರಲ್ಲಿ ಹತ್ತಿ ಅದ್ದಿ ಹಿಂಡಿ, ತಳದ ಮೂಲೆಯಲ್ಲಿ ಮೊದಲು ಒರೆಸಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಕಾಗದದ ಲೇಬಲ್ ಇದ್ದರೆ ನೀರೇ ಬೇಡ.

'ಬ್ರಿಸ್ಟಲ್ ಅಂಡ್ ಲಂಡನ್' ನಂಬಿ ಇಂಗ್ಲೆಂಡಿನದು ಅನ್ನಬೇಡಿ. ಇಲ್ಲಿ ತಯಾರಾದ ಮಾಲಿನ ಮೇಲೂ ಅದೇ ಇರುತ್ತಿತ್ತು. ಅದರ ಕೆಳಗಿನ ಸಣ್ಣಕ್ಷರ ಓದಿ. 'ಇಂಪೀರಿಯಲ್ ಟೊಬ್ಯಾಕೊ, ಗ್ರೇಟ್ ಬ್ರಿಟನ್ ಅಂಡ್ ಐರ್ಲೆಂಡ್' ಇದ್ದರೆ 1901ರ ನಂತರದ ಇಂಗ್ಲೆಂಡಿನ ಮಾಲು. 'ಇಂಪೀರಿಯಲ್ ಟೊಬ್ಯಾಕೊ' ಹೆಸರಿನ ಕೊನೆಗೆ 'ಆಫ್ ಇಂಡಿಯಾ' ಇದ್ದರೆ 1910ರಿಂದ 1970ರ ನಡುವಿನದು. ಆ ಭಾರತೀಯ ಕಂಪನಿ ಆಮೇಲೆ ಹೆಸರು ಬದಲಿಸಿಕೊಂಡಿತು: 'ಇಂಡಿಯಾ ಟೊಬ್ಯಾಕೊ' ಅಂದರೆ 1970ರಿಂದ 74, ಬರೀ 'ಐಟಿಸಿ' ಅಂದರೆ ಆಮೇಲಿನದು. ಪ್ಲೇಯರ್ಸ್ ಕೂಡ 1901ರಲ್ಲೇ ಇಂಪೀರಿಯಲ್ ಸೇರಿತು, 'ಗ್ರೇಟ್ ಬ್ರಿಟನ್ ಅಂಡ್ ಐರ್ಲೆಂಡ್' ಪರೀಕ್ಷೆ ಅದಕ್ಕೂ ಹೊಂದುತ್ತೆ.

ಅಂಚು ನೋಡಿ:
ಡಬ್ಬಿ ಮಾಡಿದವರು ಬೇರೆ, ತಂಬಾಕು ತುಂಬಿದವರು ಬೇರೆ, ಇದನ್ನು ತುಂಬಾ ಜನ ಮರೀತಾರೆ. ತಗಡಿನವರ ಹೆಸರು ತಳದಂಚಿನಲ್ಲಿ, ಬೆಸುಗೆ ಪಕ್ಕ, ಸಾಸಿವೆಗಿಂತ ಸಣ್ಣಕ್ಷರದಲ್ಲಿ ಇರುತ್ತೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತೆ. 'ಮೆಟಲ್ ಬಾಕ್ಸ್' ಅಂತಿದ್ದರೆ 1922ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಅದರ ಭಾರತೀಯ ಕಂಪನಿ ಕಲ್ಕತ್ತದಲ್ಲಿ ಶುರುವಾದದ್ದು 1933ರಲ್ಲಿ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕೆ ಮುಂಚಿನದು. ಆರೋಗ್ಯದ ಎಚ್ಚರಿಕೆ ಇದ್ದರೆ 1975ರ ಕಾಯ್ದೆ ಬಂದ ಮೇಲಿನದು.

ಇನ್ನೊಂದು, ಗುಜರಿಯಲ್ಲಿ ಒಂದರ ಮುಚ್ಚಳ ಇನ್ನೊಂದಕ್ಕೆ ಕೂತಿರುತ್ತೆ. ಮುಚ್ಚಳ ಸಡಿಲವಾಗಿ ಆಡ್ತಿದ್ದರೆ, ಅಥವಾ ಎರಡರ ಬಣ್ಣ ಬೇರೆಬೇರೆ ಥರ ಮಾಸಿದ್ದರೆ, ಎರಡನ್ನೂ ಪ್ರತ್ಯೇಕವಾಗಿ ಓದಿ. ಭೂತಗನ್ನಡಿಯಲ್ಲಿ ಎಲ್ಲ ಬಣ್ಣವೂ, ಅಕ್ಷರ ಸಹಿತ, ನೀಲಿ-ಕೆಂಪು-ಹಳದಿ ಚುಕ್ಕಿಗಳ ಜಾಲರಿಯಾಗಿ ಕಂಡರೆ ಅದು ಇತ್ತೀಚಿನ ನಕಲು ಇರಬಹುದು. ತಳದ ಫೋಟೊ ಹಾಕಿ, ಮುಂಭಾಗದ್ದಲ್ಲ.