‘ಅಂಡರ್‌ಗ್ರೌಂಡ್ ರೇಡಿಯೋ’ಗೆ ‘ಭೂಗತ’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

1960ರ ದಶಕದ ಅಮೆರಿಕದ ರಾಕ್ ರೇಡಿಯೋ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಅಂಡರ್‌ಗ್ರೌಂಡ್ ರೇಡಿಯೋ’ ಅನ್ನೋ ಮಾತಿಗೆ ‘ಭೂಗತ’ ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಭೂಗತ ಅಂದ ಕೂಡಲೇ ನೆನಪಾಗುವುದು ‘ಭೂಗತ ದೊರೆ’ಗಳು. ಇಲ್ಲವೇ ತುರ್ತು ಪರಿಸ್ಥಿತಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಓಡಾಡಿದವರು. ಎರಡರಲ್ಲೂ ಅಡಗಿಕೊಳ್ಳುವ ಅರ್ಥವೇ ಜಾಸ್ತಿ, ಅಲ್ವಾ?

ಈ ರೇಡಿಯೋಗಳು ಅಡಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕೆಎಂಪಿಎಕ್ಸ್ ಪರವಾನಗಿ ಇದ್ದ ಎಫ್‌ಎಂ ಕೇಂದ್ರ. ದೊಡ್ಡ ಊರುಗಳಲ್ಲಿ ಎಎಂ (ಎಫ್‌ಎಂಗಿಂತ ಹಳೆಯ ಪ್ರಸಾರ ವಿಧಾನ) ಕಾರ್ಯಕ್ರಮಗಳನ್ನೇ ಇಡೀ ದಿನ ಎಫ್‌ಎಂನಲ್ಲೂ ಹಾಕುವಂತಿಲ್ಲ ಅಂತ ಆಗ ಸರ್ಕಾರಿ ನಿಯಮ ಬಂದಿತ್ತು. ಹಾಗಾಗಿ ಎಫ್‌ಎಂನಲ್ಲಿ ಹೊಸತಕ್ಕೆ ಜಾಗ ಸಿಕ್ಕಿತು. 1967ರ ಏಪ್ರಿಲ್‌ನಲ್ಲಿ ರೇಡಿಯೋದಲ್ಲಿ ಹಾಡು ಹಾಕುವ ಡಿಜೆ ಟಾಮ್ ಡಾನಹ್ಯೂ ಕೆಎಂಪಿಎಕ್ಸ್‌ಗೆ ಬಂದರು. ಹಿಟ್ ಹಾಡುಗಳ ಪಟ್ಟಿ, ಮೂರು ನಿಮಿಷದ ಮಿತಿ, ಡಿಜೆಗಳ ಅರಚಾಟ, ಎಲ್ಲವನ್ನೂ ಕೈಬಿಟ್ಟರು. ಯಾವ ಹಾಡು ಹಾಕಬೇಕು ಅನ್ನೋದನ್ನು ಡಿಜೆಯೇ ತೀರ್ಮಾನಿಸುತ್ತಿದ್ದ. ಬೇಕೆನಿಸಿದರೆ ಎಲ್‌ಪಿ ರೆಕಾರ್ಡ್‌ನ ಒಂದು ಮಗ್ಗುಲು ಪೂರ್ತಿ ಓಡುತ್ತಿತ್ತು.

1968ರ ಮಾರ್ಚ್‌ನಲ್ಲಿ ಮಾಲೀಕರ ಜೊತೆ ಜಗಳವಾಗಿ ಸಿಬ್ಬಂದಿ ಮುಷ್ಕರ ಹೂಡಿದರು. ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ತಂಡದವರು ಬೀದಿಗೇ ಬಂದು ಅವರ ಪರವಾಗಿ ನುಡಿಸಿದರು. ಮುಂದೆ ಡಾನಹ್ಯೂ ಮತ್ತು ಅವರ ಗೆಳೆಯರು ಕೆಎಸ್‌ಎಎನ್ ಕೇಂದ್ರ ಸೇರಿದರು. ಅಲ್ಲಿ ಸ್ಕೂಪ್ ನಿಸ್ಕರ್ ವಿಯೆಟ್ನಾಂ ಯುದ್ಧದ ಸುದ್ದಿಯ ಜೊತೆ ಹಾಡಿನ ತುಣುಕು, ಜನರ ಮಾತು ಎಲ್ಲ ಹೆಣೆದು ಕೊಡುತ್ತಿದ್ದರು. ಕೊನೆಗೆ ಅವರು ಹೇಳುತ್ತಿದ್ದ ಮಾತಿನ ಸಾರ ಇಷ್ಟು: ಸುದ್ದಿ ಹಿಡಿಸಲಿಲ್ಲವಾ, ಹೊರಗೆ ಹೋಗಿ ನೀವೇ ಒಂದಿಷ್ಟು ಸುದ್ದಿ ಮಾಡಿ. ಊರಿಗೆಲ್ಲ ಕೇಳುವ ಹಾಗೆ ಹೀಗೆ ಕರೆ ಕೊಡುವವರನ್ನು ಭೂಗತ ಅನ್ನೋದು ಹೇಗೆ?

1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬೈಯಲ್ಲಿ ನಡೆಸಿದ ಕಾಂಗ್ರೆಸ್ ರೇಡಿಯೋಗೆ ಆ ಪದ ಸರಿಯಾಗಿ ಕೂರುತ್ತದೆ. ಪೊಲೀಸರಿಗೆ ಸಿಗಬಾರದೆಂದು ಅವರು ಜಾಗ ಬದಲಾಯಿಸುತ್ತಲೇ ಇದ್ದರು. 1964ರಲ್ಲಿ ಬ್ರಿಟನ್ ಕರಾವಳಿಯಾಚೆ ಹಡಗಿನಿಂದ ಹಾಡು ಬಿತ್ತರಿಸಲು ಶುರುಮಾಡಿದ ರೇಡಿಯೋ ಕ್ಯಾರೋಲಿನ್‌ಗೆ ‘ಕಡಲ್ಗಳ್ಳ ರೇಡಿಯೋ’ ಅಂತಲೇ ಬರೆದುಕೊಂಡಿದ್ದೇನೆ.

ನನ್ನ ಒಲವು ‘ಬಂಡಾಯ ರೇಡಿಯೋ’ ಕಡೆಗೆ. ಬಂಡಾಯ ಸಾಹಿತ್ಯದಿಂದಾಗಿ ಆ ಪದಕ್ಕೆ ನಮ್ಮಲ್ಲಿ ತೂಕವಿದೆ, ಮುಚ್ಚುಮರೆಯ ಅರ್ಥವೂ ಇಲ್ಲ. ಆದರೆ ಬರೀ ಘೋಷಣೆ ಕೂಗುತ್ತಿದ್ದರು ಅಂತ ಓದುಗರು ಅಂದುಕೊಂಡಾರು ಅನ್ನೋ ಅಳುಕಿದೆ. ಅಲ್ಲಿ ಬಹುಪಾಲು ಹೊತ್ತು ಸಂಗೀತವೇ ಇರುತ್ತಿತ್ತು. ‘ಪರ್ಯಾಯ ರೇಡಿಯೋ’ ತುಂಬಾ ಸಪ್ಪೆ.

ಜೊತೆಗೆ ಇನ್ನೊಂದು: ‘ಕೌಂಟರ್‌ಕಲ್ಚರ್’ಗೆ (ರೂಢಿಯ ಸಮಾಜಕ್ಕೆ ಎದುರಾಗಿ ನಿಂತ ಆ ಕಾಲದ ಯುವಜನರ ಜೀವನಶೈಲಿ) ‘ಪ್ರತಿಸಂಸ್ಕೃತಿ’ ಅಂದರೆ ನಕಲು ಪ್ರತಿಯ ನೆನಪು ಬರುತ್ತದಾ? ‘ಎದುರು ಸಂಸ್ಕೃತಿ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? 70ರ ದಶಕದಲ್ಲಿ ಹಿಪ್ಪಿಗಳ ಬಗ್ಗೆ ಬಂದ ಕನ್ನಡ ಬರಹಗಳನ್ನು ಓದಿದವರು ಬಳಗದಲ್ಲಿ ಇದ್ದೀರಿ. ಆಗ ಯಾವ ಪದ ಬಳಕೆಯಲ್ಲಿತ್ತು, ದಯವಿಟ್ಟು ತಿಳಿಸಿ.