ಪಂಚೆ, ಡ್ರಿಲ್, ಮೀಸೆ ಮೂರರಲ್ಲೂ ಫೇಲ್. ಹೊಸ ಅಪ್ಪನಿಗೆ ಏನಾದರೂ ದಾರಿ ಇದೆಯಾ?

ಹೊಸಅಪ್ಪ_ವಿಜಯನಗರ:
ಮಗನಿಗೆ ಮೂರು ತಿಂಗಳು. ನಮ್ಮಪ್ಪ ಫ್ಯೂಸ್ ಹೋದರೆ ತಂತಿ ಕಟ್ಟುತ್ತಿದ್ದರು, ಮಚ್ಚಿನಲ್ಲಿ ಕಾಯಿ ಸುಲಿಯುತ್ತಿದ್ದರು, ಸ್ಕೂಟರ್ ಪ್ಲಗ್ ಬಿಚ್ಚಿ ಉಜ್ಜಿ ಹಾಕುತ್ತಿದ್ದರು. ನನಗೆ ಬರುವುದು ಎಕ್ಸೆಲ್. ಸರಿ, ಗಂಡಸರ ಕೆಲಸ ಅಂತಾರಲ್ಲ, ಅದನ್ನು ಕಲಿಯೋಣ ಅಂತ ಹೊರಟೆ.

ಮೊದಲು ಪಂಚೆ. ನಾಮಕರಣಕ್ಕೆ ಬೆಲ್ಟ್ ಬೇಡ ಅಂತ ಹಟ ಮಾಡಿದೆ. ಅಕ್ಕಿಯ ಮೇಲೆ ಹೆಸರು ಬರೆಯಲು ಬಗ್ಗಿದ್ದೇ ತಡ, ಒಂದು ಕೈಯಲ್ಲಿ ಉಂಗುರ, ಇನ್ನೊಂದರಲ್ಲಿ ಪಂಚೆ. ಉಡಿದಾರ ಕಟ್ಟಿದ್ದು ಮಗನಿಗೆ, ಬೇಕಾಗಿದ್ದು ನನಗೆ.

ಆಮೇಲೆ ಜೋಲಿಗೆ ಕೊಕ್ಕೆ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗೆ ಹೋಗಿ ಡ್ರಿಲ್ ತಂದೆ. ಸ್ಟೂಲ್ ಹತ್ತಿ ಇಪ್ಪತ್ತು ನಿಮಿಷ ಕೊರೆದೆ. ಕಣ್ಣು, ಮೂಗು, ಬನಿಯನ್ ಎಲ್ಲ ಸುಣ್ಣ. ಸೂರಿಗೆ ಒಳ್ಳೆ ಪಾಲಿಶ್ ಬಂತು, ತೂತು ಬರಲಿಲ್ಲ. ಬಾಣಂತನಕ್ಕೆ ಬಂದಿರುವ ನಮ್ಮತ್ತೆ ಸೌಟು ಕೆಳಗಿಟ್ಟು, ಕನ್ನಡಕ ಏರಿಸಿ, ಡ್ರಿಲ್ ಕೈಗೆ ತಗೊಂಡರು. ‘ಇದು ಹಿಂದಕ್ಕೆ ತಿರುಗ್ತಿದೆ ಅಲ್ವಾ?’ ಎಂದು ಬದಿಯ ಗುಂಡಿ ಒತ್ತಿದರು. ಹೊಲಿಗೆ ಮಷಿನ್ ತಾವೇ ಬಿಚ್ಚಿ ಎಣ್ಣೆ ಬಿಡುವವರು ಅವರು.

ಮೀಸೆ ವಿಷಯ ಬೇಡ. ಮಗ ನೋಡಿ ಅತ್ತ.

ನಿಮಗೆಲ್ಲ ಇದನ್ನು ಯಾರು ಕಲಿಸಿದರು?

ರಾಜಾಜಿನಗರ_ರಿಪೇರಿ:
ಯಾರೂ ಇಲ್ಲ. ಬಾಡಿಗೆ ಮನೆ ಗೋಡೆ ಹಾಳು ಮಾಡಿ ಕಲಿತೆ, ಫೀಸು ಅಡ್ವಾನ್ಸ್‌ನಲ್ಲಿ ಮುರಿದುಕೊಂಡರು.
ಹ್ಯಾಮರ್ ಮೋಡ್, ಅಂದರೆ ಕುಟ್ಟುತ್ತಾ ಕೊರೆಯೋದು, ಹಾಕಿದ್ರಾ? ಕಾಂಕ್ರೀಟಿಗೆ ಮೇಸನ್ರಿ ಬಿಟ್ (ಗೋಡೆ ಕೊರೆಯುವ ಮೊನೆ) ಬೇಕು. ಮರದ ಬಿಟ್ ಆದರೆ ಮಗ ಪಿಯುಸಿಗೆ ಬರುವವರೆಗೆ ಕೊರೆಯುತ್ತಿರಬೇಕು. ತಮಾಷೆ ಬಿಡಿ, ಜೋಲಿಗೆ ಪ್ಲಾಸ್ಟಿಕ್ ಪ್ಲಗ್ ಬೇಡವೇ ಬೇಡ. ಕಬ್ಬಿಣದ ಆಂಕರ್ ಬೋಲ್ಟ್ ಹಾಕಿ. ಫ್ಯಾನ್ ಪಾಯಿಂಟ್ ಹತ್ತಿರ ಕೊರೆಯಬೇಡಿ, ವೈರ್ ಪೈಪು ಸ್ಲ್ಯಾಬಿನೊಳಗೇ ಹೋಗಿರುತ್ತದೆ. ಮೊದಲು 25 ಕೆಜಿ ಅಕ್ಕಿ ಮೂಟೆ ಒಂದು ರಾತ್ರಿ ತೂಗುಹಾಕಿ, ಆಮೇಲೆ ಮಗು.

ತಿಗಳರಪೇಟೆ_ಹುಡುಗ:
ಚೈತ್ರ ಹುಣ್ಣಿಮೆ ರಾತ್ರಿ ಕರಗ ನೋಡಲು ನಮ್ಮ ಧರ್ಮರಾಯನ ಗುಡಿಗೆ ಬನ್ನಿ ಸರ್. ವೀರಕುಮಾರರು ಬರಿಮೈಯಲ್ಲಿ, ಕತ್ತಿ ಹಿಡಿದು ‘ಗೋವಿಂದಾ’ ಅಂತ ಕೂಗಿದರೆ ರೋಮ ನಿಲ್ಲುತ್ತದೆ. ಆ ಕತ್ತಿಗಳೆಲ್ಲ ಯಾರಿಗೆ ಕಾವಲು? ಬಳೆ ತೊಟ್ಟು, ಕುಂಕುಮ ಇಟ್ಟು, ತಾಳಿ ಕಟ್ಟಿಕೊಂಡು ಕರಗ ಹೊತ್ತ ಗಂಡಸಿಗೆ! ನಮ್ಮ ತಾತನೂ ಕತ್ತಿ ಹಿಡಿದವರೇ. ಹಬ್ಬ ಮುಗಿದರೆ ಜಗುಲಿಯಲ್ಲಿ ಅಜ್ಜಿ ಪಕ್ಕ ಕೂತು ಹೂ ಕಟ್ಟುತ್ತಿದ್ದರು. ಅಜ್ಜಿಗಿಂತ ಬೇಗ.

ಬಸವನಗುಡಿ_ಮಾಮ:
ಪಂಚೆಗೆ ನನ್ನ ಹತ್ತಿರ ಮದ್ದಿದೆ. ಹೊಸದನ್ನು ಒಂದು ಸಲ ಒಗೆಯಿರಿ, ಗಂಜಿ ಇದ್ದರೆ ಜಾರುತ್ತೆ. 4 ಮೊಳದ್ದೇ ಸಾಕು. ಹೊಟ್ಟೆ ಒಳಗೆ ಎಳೆದು ಕಟ್ಟಿ, ಮೇಲಂಚನ್ನು ಎರಡು ಸುತ್ತು ಸುರುಳಿ ಸುತ್ತಿ, ಆಮೇಲೆ ಹೊಟ್ಟೆ ಬಿಡಿ. ನಾನು ಒಳಗೆ ಬೆಲ್ಟ್ ಹಾಕುತ್ತೇನೆ, ಅದು ಬೇರೆ ವಿಷಯ.

ಹೊಸಅಪ್ಪ_ವಿಜಯನಗರ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕಿ ಮೂಟೆ ನಿನ್ನೆ ರಾತ್ರಿಯಿಂದ ತೂಗುತ್ತಿದೆ, ಗಟ್ಟಿಯಾಗಿದೆ. ತೂತು ಕೊರೆದಿದ್ದು ಅತ್ತೆ. ನಾನು ಸ್ಟೂಲ್ ಹಿಡಿದುಕೊಂಡಿದ್ದೆ.